ಪೆಲಾಗ್ರಾ ಅಂಟುರೋಗವೇ? ಅಲ್ಲವೆಂದು ತೋರಿಸಲು ರೋಗಿಯ ರಕ್ತವನ್ನೇ ಚುಚ್ಚಿಸಿಕೊಂಡ ವೈದ್ಯ

ಒಂದು ಆಸ್ಪತ್ರೆ. ಅಲ್ಲಿರುವ ಎಷ್ಟೋ ರೋಗಿಗಳಿಗೆ ಒಂದೇ ಕಾಯಿಲೆ. ಅವರನ್ನು ನೋಡಿಕೊಳ್ಳುವ ದಾದಿಯರು, ಸಹಾಯಕರು ಹಗಲೂ ರಾತ್ರಿ ಅವರ ಜೊತೆಗೇ ಇರುತ್ತಾರೆ. ಆದರೂ ಈ ಸಿಬ್ಬಂದಿಗೆ ಆ ಕಾಯಿಲೆ ತಗಲುವುದಿಲ್ಲ. ಅದು ಅಂಟುರೋಗವಾಗಿದ್ದರೆ ಹೀಗಾಗಲು ಸಾಧ್ಯವೇ?

1914ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಮಾನಸಿಕ ಆಸ್ಪತ್ರೆ ಮತ್ತು ಅನಾಥಾಲಯಗಳನ್ನು ಸುತ್ತುತ್ತಿದ್ದ ಡಾ. ಜೋಸೆಫ್ ಗೋಲ್ಡ್‌ಬರ್ಗರ್ ಅವರನ್ನು ಕಾಡಿದ್ದು ಇದೇ ಪ್ರಶ್ನೆ. ಕಾಯಿಲೆಯ ಹೆಸರು ಪೆಲಾಗ್ರಾ. ಇಟಲಿಯ ಭಾಷೆಯಲ್ಲಿ ಇದಕ್ಕೆ ಒರಟು ಚರ್ಮ ಎಂದರ್ಥ. ಬಿಸಿಲು ಬೀಳುವ ಕೈ, ಕುತ್ತಿಗೆ, ಮುಖದ ಚರ್ಮ ಮೊದಲು ಸುಟ್ಟಂತೆ ಕೆಂಪಾಗಿ, ಆಮೇಲೆ ಕಪ್ಪಾಗಿ ಸಿಪ್ಪೆ ಏಳುತ್ತದೆ. ಜೊತೆಗೆ ಭೇದಿ, ಮುಂದುವರಿದರೆ ಬುದ್ಧಿಭ್ರಮಣೆ, ಕೊನೆಗೆ ಸಾವು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ದಕ್ಷಿಣದಲ್ಲಿ ಸಾವಿರಾರು ಜನ ಇದರಿಂದ ಸತ್ತರು. ಇದನ್ನು ಯಾವುದೋ ರೋಗಾಣು ಹರಡುತ್ತದೆ ಎಂಬುದು ಆಗಿನ ಹೆಚ್ಚಿನ ವೈದ್ಯರ ನಂಬಿಕೆ. ಅಧ್ಯಯನ ಆಯೋಗವೊಂದು ಅದನ್ನೇ ವರದಿಯಲ್ಲೂ ಬರೆದಿತ್ತು. ಹೀಗಾಗಿ ರೋಗಿಗಳನ್ನು ಸೇರಿಸಿಕೊಳ್ಳಲು ಹಿಂಜರಿಯುವ ಆಸ್ಪತ್ರೆಗಳೂ ಇದ್ದವು.

ಗೋಲ್ಡ್‌ಬರ್ಗರ್ ಆಹಾರ ತಜ್ಞರಲ್ಲ, ಸೋಂಕುರೋಗಗಳ ವೈದ್ಯರು. 1874ರಲ್ಲಿ ಇಂದಿನ ಸ್ಲೊವಾಕಿಯಾಕ್ಕೆ ಸೇರಿದ ಊರಿನ ಯಹೂದಿ ಕುಟುಂಬದಲ್ಲಿ ಹುಟ್ಟಿದರು. ಚಿಕ್ಕವರಿದ್ದಾಗಲೇ ಕುಟುಂಬ ನ್ಯೂಯಾರ್ಕಿಗೆ ವಲಸೆ ಬಂತು. ಅಲ್ಲಿ ಅಪ್ಪ ಅಮ್ಮ ಸಣ್ಣ ದಿನಸಿ ಅಂಗಡಿ ಇಟ್ಟುಕೊಂಡಿದ್ದರು. ಎಂಜಿನಿಯರಿಂಗ್ ಓದಲು ಹೋದ ಹುಡುಗ ಮನಸ್ಸು ಬದಲಿಸಿ ವೈದ್ಯಕೀಯ ಸೇರಿ, 1895ರಲ್ಲಿ ಪದವಿ ಪಡೆದರು. 1899ರಲ್ಲಿ ಸರ್ಕಾರದ ಆರೋಗ್ಯ ಸೇವೆಗೆ ಸೇರಿದ ಮೇಲೆ ಬಂದರಿನಲ್ಲಿ ವಲಸಿಗರ ತಪಾಸಣೆಯ ಕೆಲಸ, ನಂತರ ಸಾಂಕ್ರಾಮಿಕ ರೋಗ ಕಾಣಿಸಿಕೊಂಡ ಕಡೆಗೆಲ್ಲ ಓಡಾಟ. ಈ ಓಡಾಟದಲ್ಲಿ ಹಳದಿ ಜ್ವರ, ಡೆಂಗ್ಯೂ, ಟೈಫಸ್ ಮೂರೂ ಅವರಿಗೇ ಬಂದು ಹೋಗಿದ್ದವು. ಸೋಂಕು ಎಂದರೆ ಏನೆಂದು ಇವರಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ!

ಅದಕ್ಕೇ ಇರಬೇಕು, ಪೆಲಾಗ್ರಾ ಸೋಂಕಿನಂತೆ ನಡೆದುಕೊಳ್ಳುತ್ತಿಲ್ಲ ಎಂಬುದು ಅವರಿಗೆ ಬೇಗ ಹೊಳೆಯಿತು. ಅನಾಥಾಲಯಗಳಲ್ಲಿ ಕಾಯಿಲೆ ಬರುತ್ತಿದ್ದುದು ಹೆಚ್ಚಾಗಿ 6ರಿಂದ 12 ವರ್ಷದ ಮಕ್ಕಳಿಗೆ. ಅವರಿಗಿಂತ ಚಿಕ್ಕವರಿಗೆ ಹಾಲು ಸಿಗುತ್ತಿತ್ತು. ದೊಡ್ಡವರು ಕೆಲಸ ಮಾಡುತ್ತಾರೆಂದು ಅವರಿಗೆ ಮಾಂಸ ಸಿಗುತ್ತಿತ್ತು. ನಡುವಿನವರಿಗೆ ಎರಡೂ ಇಲ್ಲ. ಅವರ ತಟ್ಟೆಯಲ್ಲಿ ಇರುತ್ತಿದ್ದುದು ಮುಖ್ಯವಾಗಿ ಮೆಕ್ಕೆಜೋಳದ ಹಿಟ್ಟು, ಕಾಕಂಬಿ, ಸ್ವಲ್ಪ ಹಂದಿಯ ಕೊಬ್ಬು. ದಕ್ಷಿಣದ ಬಡವರ ನಿತ್ಯದ ಊಟವೂ ಅದೇ.

ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ಊರಿನ ಎರಡು ಅನಾಥಾಲಯಗಳಲ್ಲಿ ಗೋಲ್ಡ್‌ಬರ್ಗರ್ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ, ಕಾಳುಗಳನ್ನು ಕೊಡಿಸಿದರು. ಸ್ವಚ್ಛತೆ, ಹಾಸಿಗೆ, ಕೊಠಡಿ ಯಾವುದನ್ನೂ ಬದಲಿಸಲಿಲ್ಲ. ಹಿಂದಿನ ವರ್ಷ ಕಾಯಿಲೆ ಬಂದಿದ್ದ 172 ಮಕ್ಕಳಲ್ಲಿ ಮರುವರ್ಷ ಅದು ಮರುಕಳಿಸಿದ್ದು ಒಂದೇ ಮಗುವಿಗೆ.

ಒಳ್ಳೆಯ ಊಟದಿಂದ ಕಾಯಿಲೆ ಹೋಗುತ್ತದೆ ಎಂದಾಯಿತು. ಕೆಟ್ಟ ಊಟದಿಂದ ಅದು ಬರುತ್ತದೆಯೇ ಎಂದೂ ತೋರಿಸಬೇಕಿತ್ತು. 1915ರಲ್ಲಿ ಅದೇ ರಾಜ್ಯದ ರ‍್ಯಾಂಕಿನ್ ಜೈಲು ತೋಟದ 12 ಕೈದಿಗಳು ಪ್ರಯೋಗಕ್ಕೆ ಒಪ್ಪಿದರು. ಪ್ರಯೋಗ ಮುಗಿದರೆ ಕ್ಷಮಾದಾನ ನೀಡುವುದಾಗಿ ಗವರ್ನರ್ ಮಾತು ಕೊಟ್ಟಿದ್ದರು. ಮೆಕ್ಕೆಜೋಳ, ಮೈದಾ, ಅಕ್ಕಿ, ಗೆಣಸು, ಕಬ್ಬಿನ ಪಾಕ ಇವೇ ಅವರ ಊಟ. ಹೊಟ್ಟೆ ತುಂಬ ತಿನ್ನಬಹುದು, ಆದರೆ ಹಾಲು, ಮಾಂಸ ಇಲ್ಲ. ಒಬ್ಬರು ಬೇರೆ ಕಾಯಿಲೆಯಿಂದ ಹೊರಬಿದ್ದರು. ಉಳಿದ 11 ಜನರಲ್ಲಿ 6 ಜನರ ಚರ್ಮದ ಮೇಲೆ ಕೆಲವೇ ತಿಂಗಳಲ್ಲಿ ಪೆಲಾಗ್ರಾದ ಗುರುತು ಕಾಣಿಸಿಕೊಂಡಿತು. ಬಿಡುಗಡೆಯ ಆಸೆ ತೋರಿಸಿ ಕೈದಿಗಳಿಗೆ ಕಾಯಿಲೆ ಬರಿಸುವುದನ್ನು ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪುವುದಿಲ್ಲ. ಒಪ್ಪಬಾರದು ಕೂಡ. ಇವರ ಕೆಲಸವನ್ನು ಮೆಚ್ಚುವ ನಮಗೂ ಈ ಭಾಗವನ್ನು ಬರೆಯುವಾಗ ಇರುಸುಮುರುಸಾಯಿತು.

ಇಷ್ಟಾದರೂ ವಿರೋಧಿಗಳು ಸುಮ್ಮನಾಗಲಿಲ್ಲ. ಅದು ಪೆಲಾಗ್ರಾನೇ ಅಲ್ಲ ಎಂದರು ಕೆಲವರು. ಹಾಗಾಗಿ 1916ರ ಏಪ್ರಿಲ್‌ನಲ್ಲಿ ಗೋಲ್ಡ್‌ಬರ್ಗರ್ ತಮ್ಮ ಮೈಯನ್ನೇ ಪ್ರಯೋಗಶಾಲೆ ಮಾಡಿಕೊಂಡರು. ರೋಗಿಯ ರಕ್ತವನ್ನು ಅವರೂ ಅವರ ಸಹಾಯಕರೂ ಚುಚ್ಚಿಸಿಕೊಂಡರು. ರೋಗಿಯ ಮೂಗು, ಗಂಟಲಿನ ಸ್ರಾವವನ್ನು ತಮ್ಮ ಮೂಗು, ಗಂಟಲಿಗೆ ಹಚ್ಚಿಕೊಂಡರು. ನಂತರ ರೋಗಿಗಳ ಚರ್ಮದ ಸಿಪ್ಪೆ, ಮೂತ್ರ, ಮಲವನ್ನು ಹಿಟ್ಟಿನಲ್ಲಿ ಕಲಸಿ ಗುಳಿಗೆ ಮಾಡಿ ನುಂಗಿದರು. (ಊಟದ ಹೊತ್ತಿನಲ್ಲಿ ಓದುತ್ತಿದ್ದರೆ ಕ್ಷಮಿಸಿ.) ಇಂಥ ಹಲವು ಸುತ್ತುಗಳಲ್ಲಿ ಒಟ್ಟು 16 ಜನ ಭಾಗವಹಿಸಿದರು. ಅವರಲ್ಲಿದ್ದ ಒಬ್ಬರೇ ಮಹಿಳೆ ಪತ್ನಿ ಮೇರಿ. ಗುಳಿಗೆ ನುಂಗಲು ಅವರಿಗೆ ಬಿಡಲಿಲ್ಲ, ರಕ್ತವನ್ನು ಮಾತ್ರ ಚುಚ್ಚಿಸಿಕೊಂಡರು. ಯಾರಿಗೂ ಪೆಲಾಗ್ರಾ ಬರಲಿಲ್ಲ.

ಸಾಕ್ಷ್ಯ ಇಷ್ಟು ಗಟ್ಟಿಯಾಗಿದ್ದರೂ ಒಪ್ಪಿಕೊಳ್ಳುವುದು ಏಕೆ ಕಷ್ಟವಾಯಿತು? ರೋಗಾಣು ಕಾರಣವಾದರೆ ಅದನ್ನು ಕೊಂದರೆ ಮುಗಿಯಿತು. ಊಟ ಕಾರಣವಾದರೆ, ಜನ ಅಂಥ ಊಟವನ್ನೇ ಏಕೆ ಉಣ್ಣುತ್ತಿದ್ದಾರೆ ಎಂದು ಕೇಳಬೇಕಾಗುತ್ತದೆ. ಗೋಲ್ಡ್‌ಬರ್ಗರ್ ಅದನ್ನೂ ಕೇಳಿದರು. ಅರ್ಥಶಾಸ್ತ್ರಜ್ಞ ಎಡ್ಗರ್ ಸೈಡನ್‌ಸ್ಟ್ರಿಕರ್ ಜೊತೆ ಸೇರಿ ದಕ್ಷಿಣ ಕ್ಯಾರೊಲಿನಾದ ಏಳು ಹತ್ತಿ ಗಿರಣಿ ಊರುಗಳಲ್ಲಿ ಮನೆಮನೆಯ ಆದಾಯ, ದಿನಸಿ, ಕಾಯಿಲೆಯ ಲೆಕ್ಕ ತೆಗೆದರು. ಆದಾಯ ಕಡಿಮೆಯಾದಂತೆ ಪೆಲಾಗ್ರಾ ಹೆಚ್ಚುತ್ತಿತ್ತು. ಹಳ್ಳಿಗಳಲ್ಲೂ ಮನೆಬಾಗಿಲವರೆಗೆ ಹತ್ತಿಯನ್ನೇ ಬಿತ್ತುತ್ತಿದ್ದರು. ಹಸು ಕಟ್ಟಲು, ತರಕಾರಿ ಬೆಳೆಯಲು ಗೇಣಿದಾರನಿಗೆ ಜಾಗವೂ ಇಲ್ಲ, ಬಿಡುವೂ ಇಲ್ಲ. ಅಂಗಡಿಯಲ್ಲಿ ಸಾಲಕ್ಕೆ ಸಿಗುವ ಮೆಕ್ಕೆಜೋಳದ ಹಿಟ್ಟೇ ಗತಿ. ಹತ್ತಿಯ ಬೆಲೆ ಬಿದ್ದಾಗ, 1921ರಲ್ಲಿ, ಪೆಲಾಗ್ರಾ ಮತ್ತೆ ಏರಲಿದೆ ಎಂದು ಅವರು ಎಚ್ಚರಿಸಿದರು. ದಕ್ಷಿಣದ ರಾಜಕಾರಣಿಗಳಿಗೆ ಸಿಟ್ಟು ಬಂತು. ತಮ್ಮ ಪ್ರಾಂತ್ಯದಲ್ಲಿ ಹಸಿವಿದೆ ಎಂದು ಹೇಳಿಸಿಕೊಳ್ಳುವುದು ಅವರಿಗೆ ಅವಮಾನವಾಗಿ ಕಂಡಿತು.

ಆಹಾರದಲ್ಲಿ ಇಲ್ಲದ್ದು ಯಾವ ವಸ್ತು ಎಂಬುದು ಮಾತ್ರ ಸಿಗಲಿಲ್ಲ. ನಾಯಿಗಳಲ್ಲಿ ಇದೇ ಬಗೆಯ ಆಹಾರದಿಂದ ನಾಲಿಗೆ ಕಪ್ಪಾಗುವ ಕಾಯಿಲೆ ಬರುತ್ತದೆ. ಅವುಗಳ ಮೇಲೆ ಒಂದೊಂದೇ ಆಹಾರ ಪರೀಕ್ಷಿಸುತ್ತ ಹೋದಾಗ ಯೀಸ್ಟ್ ಒಳ್ಳೆಯ ಮದ್ದು, ಅದೂ ಬಹಳ ಅಗ್ಗದ್ದು ಎಂದು ತಿಳಿಯಿತು. 1927ರಲ್ಲಿ ಮಿಸಿಸಿಪ್ಪಿ ನದಿಗೆ ಭಾರೀ ಪ್ರವಾಹ ಬಂದಾಗ ರೆಡ್ ಕ್ರಾಸ್ ಸಂಸ್ಥೆ ಹಂಚಿದ್ದು ಈ ಯೀಸ್ಟನ್ನೇ. ಎರಡು ವರ್ಷದ ಬಳಿಕ, 1929ರ ಜನವರಿಯಲ್ಲಿ, ಮೂತ್ರಪಿಂಡದ ಕ್ಯಾನ್ಸರ್‌ನಿಂದ ಗೋಲ್ಡ್‌ಬರ್ಗರ್ ತೀರಿಕೊಂಡರು. ಆಗ ಅವರಿಗೆ 54 ವರ್ಷ.

1937ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾನ್ರಾಡ್ ಎಲ್ವೆಜೆಮ್ ನಿಕೋಟಿನಿಕ್ ಆಮ್ಲದಿಂದ ನಾಯಿಗಳ ಕಪ್ಪು ನಾಲಿಗೆ ವಾಸಿಯಾಗುವುದನ್ನು ತೋರಿಸಿದರು. ಇಂದು ನಾವು ಅದನ್ನು ನಯಾಸಿನ್ ಅಥವಾ ಬಿ3 ವಿಟಮಿನ್ ಎನ್ನುತ್ತೇವೆ. ಹಾಲಿನಲ್ಲಿ ನಯಾಸಿನ್ ಅಷ್ಟಾಗಿ ಇಲ್ಲ, ಆದರೂ ಹಾಲು ಕುಡಿದ ಮಕ್ಕಳು ಪಾರಾದದ್ದು ಹೇಗೆ? ಹಾಲಿನ ಪ್ರೋಟೀನಿನಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವಿದೆ, ದೇಹ ಅದರಿಂದಲೇ ನಯಾಸಿನ್ ಮಾಡಿಕೊಳ್ಳುತ್ತದೆ. ಮೆಕ್ಕೆಜೋಳದಲ್ಲಿ ಟ್ರಿಪ್ಟೊಫ್ಯಾನ್ ಕಡಿಮೆ, ಇರುವ ನಯಾಸಿನ್ ಕೂಡ ದೇಹಕ್ಕೆ ದಕ್ಕದ ರೂಪದಲ್ಲಿದೆ. ಮೆಕ್ಸಿಕೋದವರು ಶತಮಾನಗಳಿಂದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಾರೆ. ಸುಣ್ಣ ಆ ನಯಾಸಿನ್ನನ್ನು ಬಿಡಿಸಿಕೊಡುತ್ತದೆ. ಬೆಳೆ ಯುರೋಪಿಗೆ ಹೋಯಿತು, ಸುಣ್ಣ ಹಾಕುವ ಪದ್ಧತಿ ಹೋಗಲಿಲ್ಲ.

ಹಾಗಾದರೆ ನಮ್ಮ ಜೋಳದ ರೊಟ್ಟಿ? ಉತ್ತರ ಕರ್ನಾಟಕದ ಓದುಗರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ನಮ್ಮ ಬಿಳಿಜೋಳ ಬೇರೆ ಧಾನ್ಯ. ಆದರೂ ದಖ್ಖನ್ನಿನಲ್ಲಿ ಜೋಳವನ್ನೇ ನಂಬಿದ ಕಡುಬಡವರಲ್ಲಿ ಪೆಲಾಗ್ರಾ ಇತ್ತು. ಜೋಳದಲ್ಲಿ ಹೆಚ್ಚಾಗಿರುವ ಲೂಸಿನ್ ಎಂಬ ಅಮೈನೊ ಆಮ್ಲ ಇದಕ್ಕೆ ಕಾರಣವಿರಬಹುದು ಎಂದು ಹೈದರಾಬಾದಿನ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಬರೆದರು. ಅದನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ. ರೊಟ್ಟಿಯ ಜೊತೆ ಬೇಳೆ, ಕಾಳುಪಲ್ಯ, ಮೊಸರು ಇದ್ದವರು ಹೆದರಬೇಕಾಗಿಲ್ಲ. ಇನ್ನು ಶೇಂಗಾ ಚಟ್ನಿ ಇದ್ದರಂತೂ, ಶೇಂಗಾದಲ್ಲಿ ನಯಾಸಿನ್ ಧಾರಾಳವಾಗಿಯೇ ಇದೆ.