ಮಾತೃಸಂಘವನ್ನು ನೆಟ್ಟ ಮೇರಿ ಸಮ್ನರ್ ಅಮ್ಮನವರು

ನಮ್ಮ ಹಳ್ಳಿಯ ಸಭೆಗಳಲ್ಲಿ ಸ್ತ್ರೀಯರ ಕೂಟವನ್ನು ಉತ್ಸಾಹದಿಂದ ಆರಂಭಿಸುವುದೂ, ಕೆಲವು ತಿಂಗಳಾದ ಮೇಲೆ ನಾಲ್ಕೈದು ಮಂದಿಯೇ ಉಳಿದರೆಂದು ಮನಗುಂದಿ ಅದನ್ನು ಬಿಟ್ಟುಬಿಡುವುದೂ ಉಂಟು. ಹೀಗೆ ಮನಗುಂದಿದವರಿಗೆ ಧೈರ್ಯವಾಗಲೆಂದು ಇಂಗ್ಲೆಂಡು ದೇಶದ ಒಬ್ಬ ತಾಯಿಯ ಚರಿತ್ರೆಯನ್ನು ಸಂಕ್ಷೇಪವಾಗಿ ಬರೆಯುತ್ತೇವೆ.

ಮೇರಿ ಅಮ್ಮನವರು 1828ನೆಯ ಇಸವಿಯ ಡಿಸೆಂಬರ್ ತಿಂಗಳ ಕಡೆಯ ದಿನ ಮ್ಯಾಂಚೆಸ್ಟರ್ ಪಟ್ಟಣದ ಬಳಿಯಲ್ಲಿರುವ ಸ್ವಿಂಟನ್ ಎಂಬ ಊರಲ್ಲಿ ಹುಟ್ಟಿದರು. 1848ರಲ್ಲಿ ಜಾರ್ಜ್ ಸಮ್ನರ್ ಎಂಬವರನ್ನು ವಿವಾಹವಾದರು. ಆ ಬೋಧಕರು 1851ರಲ್ಲಿ ಹ್ಯಾಂಪ್‌ಷೈರ್ ಸೀಮೆಯ ಓಲ್ಡ್ ಆಲ್ರೆಸ್‌ಫರ್ಡ್ ಎಂಬ ಹಳ್ಳಿಯ ಸಭೆಗೆ ನೇಮಕವಾಗಲು, ಅಮ್ಮನವರು ಅಲ್ಲಿಯೇ ತಮ್ಮ ಮೂವರು ಮಕ್ಕಳನ್ನು ಸಾಕಿ ಬೆಳೆಸಿದರು.

ಚೊಚ್ಚಲ ಕೂಸನ್ನು ಕೈಗೆತ್ತಿಕೊಂಡ ದಿನ, ಇಷ್ಟು ದೊಡ್ಡ ಹೊಣೆಗೆ ತಮ್ಮನ್ನು ಯಾರೂ ಸಿದ್ಧಪಡಿಸಲಿಲ್ಲವಲ್ಲಾ ಎಂದು ಅವರು ಅಂಜಿದ್ದರು. 1876ರಲ್ಲಿ ಮಗಳಿಗೆ ಮಗು ಹುಟ್ಟಿದಾಗ ಆ ಹಳೆಯ ಅಂಜಿಕೆಯು ನೆನಪಿಗೆ ಬಂದು, ಹಳ್ಳಿಯ ತಾಯಂದಿರನ್ನು ತಮ್ಮ ಮನೆಗೆ ಕರೆದರು. ಸಿರಿವಂತರೂ ಬಡವರೂ ಒಂದೇ ಕೋಣೆಯಲ್ಲಿ ಕೂಡಿದರು. ಆದರೆ ಅಮ್ಮನವರ ನಾಲಿಗೆಯೇ ಏಳಲಿಲ್ಲ! ಮುಂದಿನ ವಾರ ಬರಬೇಕೆಂದು ಬೇಡಿಕೊಂಡರು. ಆ ವಾರ ಧೈರ್ಯ ತಂದುಕೊಂಡು ಮಾತಾಡಿದರು.

ಕೂಟಕ್ಕೆ ಸೇರಿದವರಿಗೆ ಒಂದು ಚಿಕ್ಕ ಕಾರ್ಡನ್ನು ಕೊಡುತ್ತಿದ್ದರು. ದೇವರ ಸಹಾಯದಿಂದ ಮಕ್ಕಳಿಗೆ ವಿಧೇಯತೆ, ಸತ್ಯ, ಶುದ್ಧತೆಗಳನ್ನು ಕಲಿಸಬೇಕು, ಮನೆಯಲ್ಲಿ ಕೆಟ್ಟ ಮಾತು ಆಡಗೊಡಬಾರದು, ಮಕ್ಕಳನ್ನು ಹೆಂಡದಂಗಡಿಗೆ ಕಳುಹಿಸಬಾರದು, ದಿನವೂ ಪ್ರಾರ್ಥಿಸಬೇಕು ಎಂಬಂಥ ಸುಲಭವಾದ ಕ್ರಮಗಳೇ ಅದರಲ್ಲಿದ್ದವು.

ಒಂಬತ್ತು ವರುಷ ಈ ಕೆಲಸವು ಬಹುಮಟ್ಟಿಗೆ ಆ ಒಂದು ಹಳ್ಳಿಯಲ್ಲಿಯೇ ನಡೆಯಿತು. 1885ರಲ್ಲಿ ಪೋರ್ಟ್ಸ್‌ಮತ್ ಪಟ್ಟಣದಲ್ಲಿ ಸಭೆಗಳ ಮಹಾಕೂಟವಾದಾಗ, ಸ್ತ್ರೀಯರಿಗೆ ಬೋಧಿಸಬೇಕಾಗಿದ್ದ ನ್ಯೂಕಾಸಲ್‌ನ ಬಿಷಪ್ಪರು ತಾಯಂದಿರಿಗೆ ತಾಯಿಯೇ ಹೇಳುವುದು ಯುಕ್ತವೆಂದೆಣಿಸಿ ಅಮ್ಮನವರನ್ನು ಎಬ್ಬಿಸಿದರು. ಹಿಂದೆ ತಮ್ಮ ಮನೆಯಲ್ಲಿಯೇ ಬಾಯಿ ಕಟ್ಟಿಹೋಗಿದ್ದವರು ಆ ದೊಡ್ಡ ಸಮೂಹದ ಮುಂದೆ ನಿಂತು ಮಾತಾಡಿದರು. ವಿಂಚೆಸ್ಟರಿನ ಬಿಷಪ್ಪರು ಮಾತೃಸಂಘವನ್ನು ತಮ್ಮ ಸಭಾಪ್ರಾಂತಕ್ಕೆಲ್ಲಾ ಸ್ವೀಕರಿಸಿದರು. ಬಳಿಕ ಬೇರೆ ಪ್ರಾಂತಗಳವರೂ ಇದನ್ನು ಅನುಸರಿಸಿದರು. 1892ರೊಳಗೆ 28 ಪ್ರಾಂತಗಳಲ್ಲಿ 60,000 ಮಂದಿ ಸೇರಿದ್ದರು. ಇಷ್ಟು ಬೆಳೆದ ಮೇಲೆಯೇ, 1896ರಲ್ಲಿ, ಎಲ್ಲಕ್ಕೂ ಸೇರಿ ಒಂದು ಕೇಂದ್ರ ಸಮಿತಿಯು ಏರ್ಪಟ್ಟು, ಅಮ್ಮನವರು ಅದರ ಅಧ್ಯಕ್ಷರಾದರು. 1921ರ ಆಗಸ್ಟ್ ತಿಂಗಳಲ್ಲಿ, 92 ವರುಷದವರಾಗಿ, ಕರ್ತನಲ್ಲಿ ನಿದ್ರೆಹೋದರು. ಅವರ ಸಂಘವು ಇಂದು 80ಕ್ಕೂ ಹೆಚ್ಚು ದೇಶಗಳಲ್ಲಿದೆ.

ವಾಚಕರೇ, ಈ ಬೆಳವಣಿಗೆಯ ಕ್ರಮವನ್ನು ಗಮನಿಸಿರಿ. ಮೊದಲು ಮನೆ, ಆಮೇಲೆ ಹಳ್ಳಿ, ಆಮೇಲೆ ಪ್ರಾಂತ, ಕಡೆಯಲ್ಲಿ ಸಮಿತಿ. ನಾವಾದರೋ ಅನೇಕ ಸಾರಿ ಮೊದಲು ಸಮಿತಿಯನ್ನು ಮಾಡಿ, ಪದವಿಗಳನ್ನು ಹಂಚಿ, ಆಮೇಲೆ ಸದಸ್ಯರನ್ನು ಹುಡುಕುತ್ತೇವೆ. ಒಕ್ಕಲಿಗನು ಸಸಿಮಡಿಯಲ್ಲಿ ಪೈರು ಬಲಿಯುವ ಮುಂಚೆ ಗದ್ದೆಯಲ್ಲಿ ನಾಟಿಮಾಡುವನೋ? ಆ ಹಳ್ಳಿಯ ಒಂಬತ್ತು ವರುಷಗಳೇ ಮಾತೃಸಂಘದ ಸಸಿಮಡಿ.

ಆದಕಾರಣ ನಿಮ್ಮ ಕೂಟಕ್ಕೆ ಈ ವರುಷ ಐವರೇ ಬಂದರೆ ಆ ಐವರ ಮನೆಗಳಿಗೆ ಹೋಗಿರಿ, ಅವರ ಮಕ್ಕಳ ಹೆಸರು ಹಿಡಿದು ಪ್ರಾರ್ಥಿಸಿರಿ. ಮಾತಾಡಲು ಅಂಜುವ ಸಹೋದರಿಯನ್ನು ಕಡೆಗಣಿಸದೆ, ಮುಂದಿನ ವಾರವೂ ಕರೆಯಿರಿ.