ಹೊಸಮನೆಯ ಕೋಟೆಯಿಂದ ಬಂದವರು

ಡಿಸೆಂಬರ್ 3 ಬಂತೆಂದರೆ ನಮ್ಮಲ್ಲಿ ಎಷ್ಟೋ ಮನೆಯವರು ಹಳೆಗೋವೆಗೆ ಹೊರಡುತ್ತೇವೆ. ಬೋಂ ಜೀಸಸ್ ಮಹಾದೇವಾಲಯದ ಸಾಲಿನಲ್ಲಿ ನಿಂತು, ಬೆಳ್ಳಿಯ ಪೆಟ್ಟಿಗೆಯತ್ತ ತಲೆಯೆತ್ತಿ ನೋಡಿ, ಕೈಮುಗಿದು ಬರುತ್ತೇವೆ. ಮಕ್ಕಳಿಗೆ ಕ್ಸೇವಿಯರ್ ಎಂದು ಹೆಸರಿಡುತ್ತೇವೆ. ಆದರೆ ಅದು ಮೂಲದಲ್ಲಿ ಒಂದು ಕೋಟೆಯ ಹೆಸರು ಎಂಬುದು ನಮಗೆ ನೆನಪಾಗುವುದು ಕಡಿಮೆ. ಬಾಸ್ಕ್ ಭಾಷೆಯ 'ಎಚೆ ಬೆರ್ರಿ' ಎಂಬ ಎರಡು ಪದಗಳು ಸವೆದು ಈ ಹೆಸರಾಗಿದೆ. ಅದರ ಅರ್ಥ ಹೊಸಮನೆ. ನಮ್ಮೂರುಗಳಲ್ಲಿ ಹೊಸಮನಿ ಅಡ್ಡಹೆಸರಿನವರು ಎಷ್ಟು ಮಂದಿಯಿಲ್ಲ!

ಆ ಕೋಟೆ ಉತ್ತರ ಸ್ಪೇನಿನ ನವಾರ್ ಸೀಮೆಯಲ್ಲಿದೆ. ಪಾಂಪ್ಲೋನದಿಂದ ಸುಮಾರು 50 ಕಿಲೋಮೀಟರ್ ದೂರ. ಬಂಡೆಯ ದಿಬ್ಬದ ಮೇಲೆ ಮೊದಲು ಒಂದು ಕಾವಲು ಗೋಪುರ ಎದ್ದಿತು. ಆಮೇಲೆ ಶತಮಾನಗಳುದ್ದಕ್ಕೂ ಅದರ ಸುತ್ತ ಗೋಡೆ, ಕೊತ್ತಲ, ವಾಸದ ಮನೆ ಸೇರಿಕೊಂಡವು. ಒಂದು ಗೋಪುರದೊಳಗೆ ಚಿಕ್ಕ ಪ್ರಾರ್ಥನಾಲಯವಿದೆ. ಅಲ್ಲಿ ಅಕ್ರೋಟು ಮರದಲ್ಲಿ ಕೆತ್ತಿದ ಶಿಲುಬೆಯ ಮೇಲಿನ ಪ್ರಭುವಿನ ಮುಖದಲ್ಲಿ ಮಂದಹಾಸ. ಅದೇ ಕೋಣೆಯ ಗೋಡೆಯ ಮೇಲೆ ಕುಣಿಯುವ ಅಸ್ಥಿಪಂಜರಗಳ ಚಿತ್ರ! ಸಾವಿನ ಕುಣಿತವನ್ನೂ ನಗುವ ಕ್ರಿಸ್ತರನ್ನೂ ಒಟ್ಟಿಗೆ ನೋಡುತ್ತಾ ಬೆಳೆದ ಬಾಲಕನೇ ಫ್ರಾನ್ಸಿಸ್.

ಅವರು ಹುಟ್ಟಿದ್ದು 1506ರ ಏಪ್ರಿಲ್ 7ರಂದು. ತಂದೆ ಹುವಾನ್ ದೆ ಹಾಸ್ಸೊ ನವಾರ್ ರಾಜನ ಆಪ್ತ ಅಧಿಕಾರಿ; ತಾಯಿ ಮರಿಯಾ ದೆ ಆಸ್ಪಿಲ್ಕ್ವೇತ. 1512ರಲ್ಲಿ ಕಾಸ್ತೀಲಿನ ಪಕ್ಷದ ಸೈನ್ಯ ನವಾರ್ ರಾಜ್ಯವನ್ನು ಗೆದ್ದುಕೊಂಡಿತು. 1515ರಲ್ಲಿ ತಂದೆ ತೀರಿಕೊಂಡರು. ಮರುವರ್ಷವೇ ಕಾರ್ಡಿನಲ್ ಸಿಸ್ನೆರೋಸರ ಆಜ್ಞೆಯಂತೆ ಕೆಲಸಗಾರರು ಬಂದು ಕೋಟೆಯ ಗೋಡೆ ಕೆಡವಿದರು, ಗೋಪುರಗಳ ತಲೆ ಇಳಿಸಿದರು, ಕಂದಕ ಮುಚ್ಚಿದರು. ಕುಟುಂಬಕ್ಕೆ ವಾಸದ ಭಾಗ ಮಾತ್ರ ಉಳಿಯಿತು. ಆಗ ಫ್ರಾನ್ಸಿಸ್‌ಗೆ ಹತ್ತು ವರ್ಷ. ಆಜ್ಞೆ ಕೊಟ್ಟವರು ಸ್ವತಃ ಧರ್ಮಸಭೆಯ ಒಬ್ಬ ಕಾರ್ಡಿನಲ್ ಎಂಬುದು ಆ ವಿಧವೆ ತಾಯಿಗೆ ಹೇಗನಿಸಿತ್ತೋ!

ಅಣ್ಣಂದಿರಾದ ಮಿಗೆಲ್ ಮತ್ತು ಹುವಾನ್ ನವಾರಿನ ಪರವಾಗಿ ಕತ್ತಿ ಹಿಡಿದರು. ಅದೇ ಯುದ್ಧದಲ್ಲಿ, 1521ರಲ್ಲಿ, ಪಾಂಪ್ಲೋನದಲ್ಲಿ ಎದುರು ಪಕ್ಷದ ಒಬ್ಬ ಸೈನಿಕನ ಕಾಲಿಗೆ ಗುಂಡು ತಗುಲಿತು. ಅವರೇ ಲೊಯೋಲದ ಇಗ್ನಾಸಿ. ಮುಂದೆ ಪ್ಯಾರಿಸಿನ ಕಾಲೇಜಿನಲ್ಲಿ ಇಬ್ಬರೂ ಒಂದೇ ಕೋಣೆಯ ವಾಸಿಗಳಾದರು. ಫ್ರಾನ್ಸಿಸ್ ಬೇಗ ಒಲಿಯಲಿಲ್ಲ. ಮನೆತನದ ಮಾನ ಮತ್ತೆ ಎತ್ತಿ ನಿಲ್ಲಿಸುವ ಆಸೆ ಅವರಿಗಿತ್ತು. ಕೊನೆಗೆ 1534ರ ಆಗಸ್ಟ್ 15ರಂದು ಮೊಂಮಾರ್ತ್ರ್ ಗುಡ್ಡದಲ್ಲಿ ಇಗ್ನಾಸಿಯವರ ಜೊತೆ ವ್ರತ ತೊಟ್ಟರು. 1537ರಲ್ಲಿ ವೆನಿಸ್‌ನಲ್ಲಿ ಗುರುದೀಕ್ಷೆ ಪಡೆದರು. 1525ರಲ್ಲಿ ಬಿಟ್ಟುಬಂದ ಕೋಟೆಗೆ ಅವರು ಮತ್ತೆ ಕಾಲಿಡಲಿಲ್ಲ.

1542ರ ಮೇ 6ರಂದು ಗೋವೆಗೆ ಬಂದಿಳಿದರು. ಆಸ್ಪತ್ರೆಯಲ್ಲಿ ರೋಗಿಗಳ ಬಳಿ ಇದ್ದರು, ಗಂಟೆ ಬಾರಿಸುತ್ತ ಬೀದಿಗಳಲ್ಲಿ ಮಕ್ಕಳನ್ನು ಸೇರಿಸಿ ಜಪ ಕಲಿಸಿದರು. ಅದೇ ವರ್ಷ ತೂತುಕುಡಿ ಕಡೆಯ ಮುತ್ತಿನ ಕರಾವಳಿಗೆ ಹೋದರು. ಅಲ್ಲಿನ ಪರವ ಜನ ಕೆಲವು ವರ್ಷ ಮೊದಲೇ ದೀಕ್ಷಾಸ್ನಾನ ಪಡೆದಿದ್ದರೂ ಅವರ ಭಾಷೆಯಲ್ಲಿ ಕಲಿಸುವವರಿರಲಿಲ್ಲ. ಅವರ ಮಾತು ತಮಿಳು, ಗುರುಗಳ ಮಾತು ಬಾಸ್ಕ್. ಈ ಕಷ್ಟವನ್ನು ಅವರೇ ರೋಮಿಗೆ ಪತ್ರದಲ್ಲಿ ತಿಳಿಸಿದ್ದಾರೆ. ಎರಡು ಭಾಷೆ ಬಲ್ಲವರನ್ನು ಕೂಡಿಸಿ, ಶಿಲುಬೆಯ ಗುರುತು, ವಿಶ್ವಾಸ ಪ್ರಮಾಣ, ಪರಲೋಕ ಮಂತ್ರ, ನಮೋ ಮರಿಯಾ ಎಲ್ಲವನ್ನೂ ತಮಿಳಿಗೆ ತಂದು ಬಾಯಿಪಾಠ ಮಾಡಿದರು. ಬಲಿಪೂಜೆ ನಮ್ಮ ಭಾಷೆಯಲ್ಲಿ ಯಾವ ಭಾನುವಾರವೆಂದು ನೋಟೀಸ್ ಹಲಗೆ ನೋಡುವ ನಮಗೆ ಇದು ಚಿಕ್ಕ ವಿಷಯವಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. 1546ರಲ್ಲಿ ಪೋರ್ಚುಗಲ್ ರಾಜನಿಗೆ ಬರೆಯುತ್ತ ಗೋವೆಗೆ ಇನ್‌ಕ್ವಿಸಿಶನ್ ಬೇಕೆಂದು ಅವರು ಕೇಳಿದ್ದರು. ಅದು ಬಂದದ್ದು ಅವರ ಮರಣದ ನಂತರ, 1560ರಲ್ಲಿ. ಅದರಿಂದ ನೊಂದವರು ಅನೇಕರು. ಅಧಿಕಾರದ ಕೈಯಲ್ಲಿ ತಮ್ಮ ಮನೆಯೇ ಉರುಳಿದ್ದನ್ನು ಕಂಡವರು ಹೀಗೆ ಕೇಳಿದರಲ್ಲ ಎಂದು ನಮಗೆ ನೋವಾಗುತ್ತದೆ. ಸಂತರೂ ತಮ್ಮ ಕಾಲದ ಮನುಷ್ಯರೇ.

ಮಲಾಕ್ಕ, ಮೊಲುಕ್ಕ ದ್ವೀಪಗಳು, 1549ರಲ್ಲಿ ಜಪಾನ್. ಕೊನೆಗೆ ಚೀನಾದ ಬಾಗಿಲಲ್ಲೇ, ಶಾಂಗ್‌ಚ್ವಾನ್ ದ್ವೀಪದಲ್ಲಿ, ಜ್ವರ ಬಂದು 1552ರ ಡಿಸೆಂಬರ್ 3ರಂದು ಕಣ್ಣುಮುಚ್ಚಿದರು. ವಯಸ್ಸು 46. ಹತ್ತಿರವಿದ್ದವನು ಆಂತೋನಿಯೊ ಎಂಬ ಚೀನೀ ಕ್ರೈಸ್ತ. ಜ್ವರದ ಭ್ರಮೆಯಲ್ಲಿ ಅವರು ತನಗೆ ತಿಳಿಯದ ಭಾಷೆಯೊಂದರಲ್ಲಿ ಮಾತಾಡುತ್ತಿದ್ದರೆಂದು ಆತ ಬರೆದಿಟ್ಟ. ಅದು ತಾಯಿನುಡಿ ಬಾಸ್ಕ್ ಇರಬೇಕೆಂದು ಹಲವರ ಊಹೆ.

ಕೆಡವಿದ ಕೋಟೆಯನ್ನು 19ನೇ ಶತಮಾನದ ಕೊನೆಗೆ ವಿಯಾಎರ್ಮೋಸದ ಡಚೆಸ್ ತಮ್ಮ ಖರ್ಚಿನಲ್ಲಿ ಸರಿಪಡಿಸಿದರು. ಪಕ್ಕದಲ್ಲಿ ಬಸಿಲಿಕಾ ಎದ್ದಿತು. ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ನವಾರಿನ ಜನ ಸಾವಿರಾರು ಸಂಖ್ಯೆಯಲ್ಲಿ ಅಲ್ಲಿಗೆ ನಡೆದೇ ಹೋಗುತ್ತಾರೆ. ಫ್ರಾನ್ಸಿಸರು ತೀರಿಕೊಂಡಾಗ ಅಲ್ಲಿನ ಶಿಲುಬೆ ರಕ್ತ ಬೆವರಿತೆಂದು ಆ ಊರಿನ ಹಿರಿಯರಿಂದ ಬಂದ ನಂಬಿಕೆ. ಆ ಮರದ ಕ್ರಿಸ್ತರು ಇಂದಿಗೂ ಅದೇ ಪ್ರಾರ್ಥನಾಲಯದಲ್ಲಿ, ಅದೇ ಮಂದಹಾಸದಲ್ಲಿದ್ದಾರೆ.