ಓಮ್‌ಸ್ಕ್ ಸೆರೆಮನೆಯಲ್ಲಿ ದಾಸ್ತೋವ್‌ಸ್ಕಿ: ಸಹಕೈದಿಗಳೊಡನೆಯ ಸಂಬಂಧದ ಸ್ವರೂಪ

ಫ್ಯೋದರ್ ದಾಸ್ತೋವ್‌ಸ್ಕಿಯ (1821-1881) ಬದುಕಿನಲ್ಲಿ ಸೈಬೀರಿಯದ ಸೆರೆವಾಸ ಒಂದು ನಿರ್ಣಾಯಕ ಘಟ್ಟವೆಂಬುದು ವಿಮರ್ಶೆಯಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಸಂಗತಿ. ಅಲ್ಲಿ ಆತ ರಷ್ಯದ ಸಾಮಾನ್ಯ ಜನರನ್ನು ಅರಿತ, ಅವರೊಡನೆ ಒಂದಾದ ಎಂಬ ತಿಳಿವಳಿಕೆಯೂ ಅಷ್ಟೇ ಪ್ರಚಲಿತವಾಗಿದೆ. ಈ ಮಾತಿನ ಮೊದಲ ಭಾಗಕ್ಕೆ ಆಧಾರಗಳು ಹೇರಳವಾಗಿವೆ. ಎರಡನೆಯ ಭಾಗವನ್ನು ಮಾತ್ರ ಮರುಪರಿಶೀಲಿಸಬೇಕಾಗುತ್ತದೆ.

ಮಾಸ್ಕೋದ ಬಡವರ ಆಸ್ಪತ್ರೆಯೊಂದರ ವೈದ್ಯನ ಮಗನಾಗಿ ಹುಟ್ಟಿದ ದಾಸ್ತೋವ್‌ಸ್ಕಿ 1846ರಲ್ಲಿ ಪ್ರಕಟವಾದ ತನ್ನ ಮೊದಲ ಕಾದಂಬರಿಯಿಂದಲೇ ಹೆಸರು ಗಳಿಸಿದ. ಬಳಿಕ ಪೀಟರ್ಸ್‌ಬರ್ಗಿನ ಪೆತ್ರಶೆವ್‌ಸ್ಕಿಯ ಮನೆಯಲ್ಲಿ ಸೇರುತ್ತಿದ್ದ ಚಿಂತಕರ ಕೂಟಕ್ಕೆ ಹೋಗತೊಡಗಿದ. ಜೀತಪದ್ಧತಿಯನ್ನು ಖಂಡಿಸಿ ವಿಮರ್ಶಕ ಬೆಲಿನ್‌ಸ್ಕಿ ಗೊಗೊಲನಿಗೆ ಬರೆದಿದ್ದ ನಿಷಿದ್ಧ ಪತ್ರವನ್ನು ಆ ಕೂಟದಲ್ಲಿ ಓದಿದ್ದು ಅವನ ಮೇಲಿನ ಮುಖ್ಯ ಆರೋಪಗಳಲ್ಲಿ ಒಂದು. 1849ರ ಏಪ್ರಿಲ್‌ನಲ್ಲಿ ಬಂಧನವಾಯಿತು. ಅದೇ ವರ್ಷ ಡಿಸೆಂಬರ್ 22ರಂದು, ಅಂದಿನ ರಷ್ಯದ ಪಂಚಾಂಗದಂತೆ, ಮರಣದಂಡನೆಯ ಆದೇಶವನ್ನು ಓದಿ ವಧಾಸ್ಥಾನದಲ್ಲಿ ನಿಲ್ಲಿಸಿದ ಮೇಲೆ ಶಿಕ್ಷೆಯನ್ನು ಬದಲಿಸಲಾಯಿತು: ನಾಲ್ಕು ವರ್ಷಗಳ ಕಠಿಣ ಸಜೆ, ತರುವಾಯ ಸಾಮಾನ್ಯ ಸೈನಿಕನಾಗಿ ಸೇವೆ.

1850ರ ಜನವರಿಯಲ್ಲಿ ಆತ ಓಮ್‌ಸ್ಕ್ ಕೋಟೆಯ ಸೆರೆಮನೆಯನ್ನು ತಲುಪಿದ. ಕಾಲಿಗೆ ಸದಾ ಬೇಡಿ, ಅರ್ಧ ಬೋಳಿಸಿದ ತಲೆ, ಇಕ್ಕಟ್ಟಾದ ಮರದ ಮನೆಯಲ್ಲಿ ಹಲಗೆಯ ಮೇಲೆ ನಿದ್ದೆ; ಇಟ್ಟಿಗೆ ಹೊರುವುದು, ಅಲಬಾಸ್ಟರ್ ಕಲ್ಲು ಸುಟ್ಟು ಕುಟ್ಟುವುದು, ಹಿಮ ತೆಗೆಯುವುದು ಮುಂತಾದ ದುಡಿಮೆ. ಇವೆಲ್ಲಕ್ಕಿಂತ ಮನಸ್ಸನ್ನು ಹೆಚ್ಚು ಬಳಲಿಸಿದ್ದು ಒಂದು ಗಳಿಗೆಯೂ ಒಂಟಿಯಾಗಿರಲಾಗದ ಸ್ಥಿತಿ ಎಂಬುದು, ಬಿಡುಗಡೆಯಾದ ಕೂಡಲೇ 1854ರ ಫೆಬ್ರವರಿಯಲ್ಲಿ ಅಣ್ಣ ಮಿಖಾಯಿಲನಿಗೆ ಬರೆದ ಪತ್ರದಿಂದ ತಿಳಿದುಬರುತ್ತದೆ.

ಇಲ್ಲಿ ಗಮನಿಸಬೇಕಾದ ವೈಪರೀತ್ಯವೊಂದಿದೆ. ಜೀತಪದ್ಧತಿಯ ವಿರೋಧಿಯೆಂದು ಶಿಕ್ಷೆಗೊಳಗಾದವನನ್ನು, ಜೀತದ ಕುಟುಂಬಗಳಿಂದ ಬಂದ ಕೈದಿಗಳು ಒಡೆಯರ ವರ್ಗದವನೆಂದೇ ಕಂಡರು. ಕುಲೀನರ ಮೇಲೆ ಅವರಿಗಿದ್ದ ದ್ವೇಷಕ್ಕೆ ಮೇರೆಯಿರಲಿಲ್ಲವೆಂದು ಅದೇ ಪತ್ರ ದಾಖಲಿಸುತ್ತದೆ. ಕೈದಿಯ ಉಡುಪು ಎಲ್ಲರಿಗೂ ಒಂದೇ ಬಗೆಯದಾಗಿದ್ದರೂ ಹುಟ್ಟಿನ ಅಂತರ ಅಳಿದಿರಲಿಲ್ಲ.

ಈ ಅಂತರದ ಸ್ವರೂಪವನ್ನು 1860-62ರ ಅವಧಿಯಲ್ಲಿ ಪ್ರಕಟವಾದ ‘ಹೌಸ್ ಆಫ್ ದ ಡೆಡ್’ ಕೃತಿ ವಿವರವಾಗಿ ನಿರೂಪಿಸುತ್ತದೆ. ಅದರ ನಿರೂಪಕ ಗೊರ್ಯಾಂಚಿಕೊವ್ ಕಲ್ಪಿತ ಪಾತ್ರವಾದುದರಿಂದ ಅದನ್ನು ನೇರ ಆತ್ಮಕಥೆಯಾಗಿ ಓದಲಾಗದು. ಆದರೂ ಪತ್ರದೊಡನೆ ಅದರ ಸಾಮ್ಯ ಸ್ಪಷ್ಟವಾಗಿದೆ. ಕೃತಿಯ ಒಂದು ಸನ್ನಿವೇಶದಲ್ಲಿ, ಸ್ವಂತ ಹಣದಿಂದ ಚಹಾ ಕುಡಿಯುವ ಕುಲೀನರನ್ನು ಅಡುಗೆಮನೆಯಲ್ಲಿ ಕುಳಿತ ಕೈದಿಗಳು ದುರುಗುಟ್ಟಿ ನೋಡುತ್ತಾರೆ. ಇನ್ನೊಂದು ಸನ್ನಿವೇಶ ಹೆಚ್ಚು ಮಾರ್ಮಿಕವಾದುದು. ಕೆಟ್ಟ ಊಟದ ವಿರುದ್ಧ ದೂರಲು ಅಂಗಳದಲ್ಲಿ ಸಾಲುಗಟ್ಟಿದ ಕೈದಿಗಳ ನಡುವೆ ನಿರೂಪಕನೂ ಹೋಗಿ ನಿಲ್ಲುತ್ತಾನೆ. ಅವರು ಅವನನ್ನು ಅಲ್ಲಿಂದ ಹೊರಹಾಕುತ್ತಾರೆ. ಆಮೇಲೆ ಆತ ಪೆತ್ರೋವ್ ಎಂಬ ಕೈದಿಯೊಡನೆ ಸಂಗಾತಿಗಳೆಂಬ ಮಾತೆತ್ತಿದಾಗ, ತಮ್ಮಿಬ್ಬರ ನಡುವೆ ಅಂಥ ಸಂಬಂಧ ಹೇಗೆ ಸಾಧ್ಯವೆಂಬುದೇ ಪೆತ್ರೋವನಿಗೆ ಅರ್ಥವಾಗುವುದಿಲ್ಲ. ಅವನಲ್ಲಿ ಹಗೆಯಿಲ್ಲ, ನಿಜವಾದ ಬೆರಗಿದೆ. ಸ್ನಾನದ ಮನೆಯಲ್ಲಿ ನಿರೂಪಕನ ಕಾಲು ತೊಳೆದವನೂ, ಅವನ ಬೈಬಲನ್ನು ಕದ್ದು ಮಾರಿ ಕುಡಿದು ಅದನ್ನು ನಿಸ್ಸಂಕೋಚವಾಗಿ ತಾನೇ ಹೇಳಿದವನೂ ಈ ಪೆತ್ರೋವನೇ.

ಒಡನಾಟ ಸಾಧ್ಯವಾದ ಸಂದರ್ಭಗಳೂ ಇಲ್ಲದಿಲ್ಲ. ದಾಗಿಸ್ತಾನದ ತರುಣ ಅಲೇಯನಿಗೆ ನಿರೂಪಕ ರಷ್ಯನ್ ಅಕ್ಷರ ಕಲಿಸುತ್ತಾನೆ. ಓದಲು ಬಳಸಿದ್ದು ಹೊಸ ಒಡಂಬಡಿಕೆ. ಆ ಗ್ರಂಥದ ಪ್ರತಿಯೊಂದನ್ನು ದಾಸ್ತೋವ್‌ಸ್ಕಿಗೆ ತೊಬೋಲ್‌ಸ್ಕ್‌ನಲ್ಲಿ, 1825ರ ಡಿಸೆಂಬರ್ ದಂಗೆಯ ಬಂಡುಕೋರರ ಪತ್ನಿಯರು ಕೊಟ್ಟಿದ್ದರು. ಅದಕ್ಕಿಂತ ಮುಖ್ಯವಾದುದು ಅವನ ಸೈಬೀರಿಯದ ಟಿಪ್ಪಣಿ ಪುಸ್ತಕ. ಕೈದಿಗಳ ನುಡಿಗಟ್ಟು, ಗಾದೆ, ಬೈಗುಳ, ಹಾಡಿನ ತುಣುಕುಗಳನ್ನು ಆತ ಅದರಲ್ಲಿ ಗುರುತುಹಾಕಿಕೊಂಡ. ತನ್ನನ್ನು ಬಳಿಗೆ ಸೇರಿಸದವರ ಮಾತಿಗೆ ಕಿವಿಗೊಡುವುದೇ ಅವನಿಗೆ ದೊರೆತ ಒಡನಾಟದ ಬಗೆಯಾಯಿತು.

ತನ್ನ ವರ್ಗದವರೊಡನೆಯೂ ಅವನ ಸಂಬಂಧ ಸುಗಮವಾಗಿರಲಿಲ್ಲ. ಒಂದೇ ಪ್ರಕರಣದಲ್ಲಿ ಶಿಕ್ಷೆಗೊಂಡು ಜೊತೆಗೆ ಬಂದ ದೂರೊವ್ ಮತ್ತು ಅವನ ನಡುವೆ ದೂರ ಬೆಳೆಯಿತು. ಪೋಲಿಷ್ ರಾಜಕೀಯ ಕೈದಿ ತೊಕಾರ್ಜೆವ್‌ಸ್ಕಿಯ ನೆನಪುಗಳಲ್ಲಿ ದಾಸ್ತೋವ್‌ಸ್ಕಿ ರಷ್ಯದ ಹಿರಿಮೆಯನ್ನೂ ತನ್ನ ಕುಲೀನತೆಯನ್ನೂ ಮೆರೆಸುವ, ಸಹನೆಯಿಲ್ಲದ ವ್ಯಕ್ತಿಯಾಗಿ ಕಾಣಿಸಿಕೊಳ್ಳುತ್ತಾನೆ. ಪೋಲರನ್ನು ಕುರಿತು ದಾಸ್ತೋವ್‌ಸ್ಕಿಗಿದ್ದ ಧೋರಣೆಯನ್ನು ನೆನೆದರೆ ಈ ಚಿತ್ರವನ್ನು ಪೂರ್ಣವಾಗಿ ಕಡೆಗಣಿಸುವಂತಿಲ್ಲ.

1876ರಲ್ಲಿ ಪ್ರಕಟಿಸಿದ ‘ರೈತ ಮರೇಯ್’ ಎಂಬ ಬರಹದಲ್ಲಿ ಆತ ಈ ಅನುಭವಕ್ಕೆ ಬೇರೊಂದು ರೂಪ ಕೊಟ್ಟ. ಈಸ್ಟರ್ ಹಬ್ಬದ ಕುಡಿತ, ಹೊಡೆದಾಟಗಳಿಂದ ಬೇಸತ್ತು ಹಲಗೆಯ ಮೇಲೆ ಮಲಗಿದಾಗ, ಬಾಲ್ಯದಲ್ಲಿ ತೋಳದ ಭಯದಿಂದ ಓಡಿಬಂದ ತನ್ನನ್ನು ಸಂತೈಸಿದ ಜೀತದ ರೈತ ಮರೇಯ್ ನೆನಪಾದನೆಂದೂ, ಆ ಬಳಿಕ ಕೈದಿಗಳು ತನಗೆ ಬೇರೆಯಾಗಿ ಕಂಡರೆಂದೂ ಅಲ್ಲಿ ನಿರೂಪಿಸಲಾಗಿದೆ. ಬಿಡುಗಡೆಯ ಹೊಸತರಲ್ಲಿ ಬರೆದ ಪತ್ರದಲ್ಲಾಗಲಿ ಕಾದಂಬರಿಯಲ್ಲಾಗಲಿ ಇಂಥ ಒಂದೇ ಕ್ಷಣದ ಪರಿವರ್ತನೆ ಕಾಣುವುದಿಲ್ಲ. ಒರಟು ಹೊರಮೈಯ ಕೆಳಗೆ ಆಳವಾದ ವ್ಯಕ್ತಿತ್ವಗಳನ್ನು ಕಂಡೆನೆಂಬ ಮಾತು ಪತ್ರದಲ್ಲಿಯೂ ಇದೆ. ಆದರೆ ಅದು ದ್ವೇಷದ ವರ್ಣನೆಯ ಜೊತೆಯಲ್ಲಿಯೇ ಇದೆ. ಮರೇಯ್ ಬರಹದಲ್ಲಿಯೂ ಬದಲಾಗುವುದು ನೋಡುವವನ ದೃಷ್ಟಿ ಮಾತ್ರ. ಕೈದಿಗಳು ಅವನನ್ನು ಕಂಡ ರೀತಿ ಬದಲಾಯಿತೆಂದು ಅಲ್ಲಿಯೂ ಹೇಳಿಲ್ಲ.

ತಂದೆಯನ್ನು ಕೊಂದ ಆರೋಪದ ಮೇಲೆ ನಿರಪರಾಧಿಯಾಗಿಯೂ ಸೆರೆಯಲ್ಲಿದ್ದ ಕೈದಿಯೊಬ್ಬನ ಕಥೆ ಮುಂದೆ ‘ಕರಮಜೋವ್ ಸಹೋದರರು’ (1879-80) ಕಾದಂಬರಿಯ ಮೂಲಗಳಲ್ಲಿ ಒಂದಾಯಿತು. ಓಮ್‌ಸ್ಕ್ ಅವನಿಗೆ ಇಂಥ ಮನುಷ್ಯರನ್ನೂ ಅವರ ಭಾಷೆಯನ್ನೂ ಕೊಟ್ಟಿತು. ಅವರ ಸ್ನೇಹವನ್ನು ವಿರಳವಾಗಿ ಮಾತ್ರ ಕೊಟ್ಟಿತು. ಜನರೊಡನೆ ಒಂದಾಗುವುದನ್ನು ಕೊನೆಗಾಲದವರೆಗೂ ಪ್ರತಿಪಾದಿಸಿದ ಲೇಖಕನನ್ನು ಓದುವಾಗ, ಆ ಜನರು ಸಾಲಿನಿಂದ ಹೊರಕಳುಹಿಸಿದ ಗೊರ್ಯಾಂಚಿಕೊವನನ್ನೂ ನೆನಪಿನಲ್ಲಿಟ್ಟುಕೊಳ್ಳುವುದು ಅಗತ್ಯ.